ನಮ್ಮನೆ ಕಂಪ್ಯೂಟರಿನ ಮಲಗಿದ್ದ ಕೋರ್‌ಗಳು

ಬೇರೆಯವರ ಮನೆಯಲ್ಲಿ ಕಂಪ್ಯೂಟರ್ ಕೆಟ್ಟರೆ ರಿಪೇರಿಯಾಗುತ್ತದೆ. ಚೆನ್ನೈನ ಪೋರೂರಿನ ನಮ್ಮ ಮನೆಯಲ್ಲಿ ಕೆಟ್ಟರೆ ಕಥೆಯಾಗುತ್ತದೆ. ಕಾರಣ ನಮ್ಮ ಯಜಮಾನರು. ಯಾವ ವಸ್ತುವನ್ನೂ ಹಾಳಾಯಿತೆಂದು ಎಸೆಯುವ ಅಭ್ಯಾಸ ಅವರಿಗಿಲ್ಲ, ಬಿಚ್ಚುವ ಅಭ್ಯಾಸವಿದೆ. ಮದುವೆಯಾದ ಮೇಲೆ ಅವರು ಬಿಚ್ಚದೆ ಉಳಿದಿರುವುದು ನಾನು ಬಚ್ಚಿಟ್ಟಿರುವ ಹೊಲಿಗೆ ಮೆಷಿನ್ ಒಂದೇ.

೧. ಬೀಗ ಹಾಕಿದ ರೂಮು

ಮಾವನವರಿಗೆ ಎಂಬತ್ತು ತುಂಬುತ್ತಿತ್ತು. ಭಾನುವಾರ ಸಂಜೆ ಕೀಲ್ಪಾಕಿನ ಒಂದು ಹಾಲ್‌ನಲ್ಲಿ ಕಾರ್ಯಕ್ರಮ. ಅವರ ಹಳೇ ಫೋಟೋಗಳನ್ನೆಲ್ಲ ನೆಂಟರಿಂದ ತರಿಸಿ ವಿಡಿಯೋ ಮಾಡುವ ಕೆಲಸ ನಾನೇ ಹೊತ್ತುಕೊಂಡಿದ್ದೆ. ಮಾವ ಅಂದರೆ ನನಗೆ ಪ್ರಾಣ. ಚೆನ್ನೈಗೆ ಬಂದ ಹೊಸದರಲ್ಲಿ ತಮಿಳು ಬಾರದೆ ಅಳುತ್ತಿದ್ದವಳನ್ನು ದಿನಾ ತರಕಾರಿ ಅಂಗಡಿಗೆ ಕರೆದುಕೊಂಡು ಹೋಗಿ ಮಾತು ಕಲಿಸಿದವರು ಅವರು. ಆದರೆ ನಮ್ಮ ಕಂಪ್ಯೂಟರ್ ಅರ್ಧ ವಿಡಿಯೋಗೇ ಏದುಸಿರು ಬಿಡುತ್ತಿತ್ತು.

ಯಜಮಾನರು ಪುರಸೈವಾಕ್ಕಂನ ಒಂದು ಅಂಗಡಿಯಿಂದ ಸೆಕೆಂಡ್ ಹ್ಯಾಂಡ್ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮೆದುಳು, ತಂದರು. ಬಿಸ್ಕತ್ತಿನಷ್ಟೂ ದೊಡ್ಡದಿರಲಿಲ್ಲ.

“ಇದರಲ್ಲಿ ಕೆಲಸ ಮಾಡೋ ಕೋರ್ ಅನ್ನೋ ಭಾಗ ನಾಲ್ಕಿವೆ ಕಣೇ. ಕಂಪನಿಯೋರು ಎರಡಕ್ಕೆ ಬೀಗ ಹಾಕಿ ಕಮ್ಮಿಗೆ ಮಾರಿಬಿಟ್ಟಿದ್ದಾರೆ. ಸೆಟ್ಟಿಂಗ್ ಬದಲಾಯಿಸಿ ಎಬ್ಬಿಸಿದ್ರೆ ನಾಲ್ಕೂ ನಮ್ಮದೇ!” ಎಂದರು.

ಹೂ ಕಟ್ಟುತ್ತಿದ್ದ ಅತ್ತೆ ತಲೆಯೆತ್ತಿ, “ಅಲ್ಲ ಕಣೋ, ಚೆನ್ನಾಗಿರೋ ರೂಮಿಗೆ ಯಾರಾದ್ರೂ ಬೀಗ ಹಾಕ್ತಾರಾ? ಊರಿನ ಮನೇಲೂ ಸೋರೋ ರೂಮಿಗೇ ನಾವು ಬೀಗ ಹಾಕಿರೋದು” ಎಂದರು.

೨. ಇಡ್ಲಿ ತಟ್ಟೆ

ಶನಿವಾರ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಇಡ್ಲಿ ತಟ್ಟೆಗಳೇ ಇಲ್ಲ. ನಡುಮನೆಯಲ್ಲಿ ನೋಡಿದರೆ ಕಂಪ್ಯೂಟರ್ ಪೂರ್ತಿ ಬಿಚ್ಚಿಕೊಂಡು ಪೇಪರ್ ಮೇಲೆ ಮಲಗಿತ್ತು, ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲೂ ಒಂದೊಂದು ಜಾತಿಯ ಸ್ಕ್ರೂಗಳಿದ್ದವು.

“ರೀ, ಇದೇನ್ರೀ ಇದು?”

“ಕಳೆದುಹೋಗಬಾರದಲ್ವಾ? ಅದಕ್ಕೆ ಒಂದು ಪದ್ಧತಿ ಬೇಕು.”

ಪದ್ಧತಿಯ ಪ್ರಕಾರ ಬೆಳಿಗ್ಗೆ ಉಪ್ಪಿಟ್ಟಾಯಿತು. ಮಧ್ಯಾಹ್ನ ಎಲ್ಲ ಜೋಡಿಸಿದ ಮೇಲೆ ಒಂದು ಸ್ಕ್ರೂ ಕಡಿಮೆ ಬಂತು. ಸೋಫಾ ಸರಿಸಿದರು, ಗುಡಿಸಿದ ಕಸ ಜಾಲಾಡಿದರು, ನನ್ನನ್ನೂ ಅನುಮಾನದಿಂದ ನೋಡಿದರು. ಸಿಗಲಿಲ್ಲ.

ಸಂಜೆ ಇಡ್ಲಿ ತಿನ್ನುತ್ತಿದ್ದ ಮಗಳು ಬಾಯಿಂದ ಏನನ್ನೋ ತೆಗೆದು ಬೆಳಕಿಗೆ ಹಿಡಿದಳು. ನಾವು ಕನ್ನಡದಲ್ಲಿ ಬೈದರೂ ತಮಿಳಲ್ಲೇ ಉತ್ತರ ಕೊಡುವವಳು ಅವಳು. “ಅಪ್ಪಾ, ಸ್ಕ್ರೂ ಕೆಡಚ್ಚಿಡ್ಚು!” ಎಂದಳು, ಸ್ಕ್ರೂ ಸಿಕ್ಕಿತಂತೆ.

ಅವಳ ಹಲ್ಲಿಗೆ ಏನಾದರೂ ಆಯಿತೇ ಎಂದು ನಾನು ಓಡಿದೆ. ಅವಳಪ್ಪ ಸ್ಕ್ರೂ ತೊಳೆಯಲು ಓಡಿದರು.

೩. ಮೂರು

ಅಂದು ರಾತ್ರಿ ನಾಲ್ಕೂ ಕೋರ್‌ಗಳನ್ನು ಎಬ್ಬಿಸಲು ಸೆಟ್ಟಿಂಗ್ ಬದಲಾಯಿಸಿದರು. ಹತ್ತೇ ನಿಮಿಷಕ್ಕೆ ಕಂಪ್ಯೂಟರ್ ಕಾದು ತಾನಾಗೇ ಆಫ್ ಆಯಿತು. ಒಂದನ್ನು ಮಲಗಿಸಿ ಮೂರರಲ್ಲಿ ಓಡಿಸಿದರು, ಆಗಲೂ ಆಫ್ ಆಯಿತು. ಮೊದಲಿನಂತೆ ಎರಡರಲ್ಲಿ ಓಡಿಸಿದರೂ ಅದೇ ಹಣೆಬರಹ. ಭಾನುವಾರ ಬೆಳಿಗ್ಗೆ ನನಗೆ ಅಳುವೇ ಬಂತು. ಮಾವನ ಎಂಬತ್ತು ವರ್ಷವೆಲ್ಲ ಆ ಡಬ್ಬದೊಳಗೆ ಸಿಕ್ಕಿಕೊಂಡಿತ್ತು.

ಡಬ್ಬವನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಪುರಸೈವಾಕ್ಕಂನ ಅದೇ ಅಂಗಡಿಗೆ ಹೋದೆವು. ಅಂಗಡಿಯವರು ಫ್ಯಾನ್ ತೆಗೆದು ಪ್ರೊಸೆಸರ್ ನೋಡಿದರು. ಶಾಖ ಎಳೆಯಲು ಅದರ ಮೇಲೆ ಬಿಳಿ ಪೇಸ್ಟ್ ಹಚ್ಚಬೇಕಂತೆ. ಅಲ್ಲಿದ್ದುದನ್ನು ಬೆರಳಲ್ಲಿ ಉಜ್ಜಿ, ಮೂಸಿ, ನಮ್ಮ ಯಜಮಾನರ ಹಣೆ ನೋಡಿದರು.

“ಸಾರ್, ಇದು ಪೇಸ್ಟ್ ಇಲ್ಲೆ. ಉಂಗ ನೆತ್ತಿಯಿಲ ಇರುಕ್ಕಿರ ಅದೇ ವಿಭೂತಿ!”

ಇವರ ಹಣೆಯ ಮೇಲಿರುವ ವಿಭೂತಿಯೇ ಅದಂತೆ! ನನಗೆ ಆಗ ಹೊಳೆಯಿತು. ಮನೆಗೆ ಏನೇ ಹೊಸದು ಬಂದರೂ, ಸ್ಕೂಟರಾಗಲಿ ಮಿಕ್ಸಿಯಾಗಲಿ, ಅತ್ತೆ ವಿಭೂತಿ ಹಚ್ಚದೆ ಬಿಡುವುದಿಲ್ಲ. ನಿನ್ನೆ ಯಜಮಾನರು ಫೋನ್ ಬಂತೆಂದು ಬಾಲ್ಕನಿಗೆ ಹೋದಾಗ ಪ್ರೊಸೆಸರಿಗೂ ಅದೇ ಗೌರವ ಸಂದಿದೆ. ಇವರು ಬಂದು ನೋಡಿ, ಪೇಸ್ಟನ್ನು ಆಗಲೇ ತಾವೇ ಹಚ್ಚಿಯಾಗಿದೆ ಅಂದುಕೊಂಡು ಫ್ಯಾನ್ ಕೂರಿಸಿದ್ದಾರೆ!

ಅಂಗಡಿಯವರು ಒರೆಸಿ ನಿಜವಾದ ಪೇಸ್ಟ್ ಹಚ್ಚಿಕೊಟ್ಟರು. ನಾಲ್ಕನೆಯ ಕೋರ್ ಏನು ಮಾಡಿದರೂ ಏಳಲಿಲ್ಲ, ಅದು ಅತ್ತೆ ಹೇಳಿದ ಸೋರುವ ರೂಮೇ. ಆದರೆ ಮೂರು ಕೋರ್‌ಗಳು ಕುದುರೆಯ ಹಾಗೆ ಓಡಿದವು. ಅಲ್ಲೇ ಅಂಗಡಿಯ ಸ್ಟೂಲ್ ಮೇಲೆ ಕೂತು ವಿಡಿಯೋ ಮುಗಿಸಿ ನೇರ ಕೀಲ್ಪಾಕಿಗೆ ಓಡಿದೆ.

ಹಾಲ್‌ನಲ್ಲಿ ವಿಡಿಯೋ ಮುಗಿದಾಗ ಮಾವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನಗೆ ಅಷ್ಟೇ ಸಾಕಾಗಿತ್ತು. ಯಜಮಾನರಿಗೆ ಮಾತ್ರ ಸಿಟ್ಟು ಇಳಿದಿರಲಿಲ್ಲ.

“ಅಮ್ಮಾ, ಪ್ರೊಸೆಸರಿಗೆ ಯಾರಾದ್ರೂ ವಿಭೂತಿ ಹಚ್ತಾರಾ?”

ಅತ್ತೆ ಪಾಯಸದ ಲೋಟ ಕೆಳಗಿಟ್ಟು ನಿಧಾನವಾಗಿ ಕೇಳಿದರು, “ಈಗ ಎಷ್ಟು ಎದ್ದಿವೆ?”

“ಮೂರು.”

“ನಾನು ಎಳೆದದ್ದೂ ಮೂರೇ ಗೆರೆ ಕಣೋ. ನಾಲ್ಕು ಬೇಕು ಅಂತ ಮೊದಲೇ ಹೇಳೋಕೆ ನಿನಗೇನಾಗಿತ್ತು?”