ಹಿಂಬದಿಯ ಎಡ ಬಾಗಿಲು ವಾಹನಕ್ಕೆ ಕೂರುವ ಕುರಿತು

ಸುತ್ತೋಲೆ ಸಂಖ್ಯೆ: ವಾಹನ/ಹಿಂ.ಎ.ಬಾಗಿಲು/ಹೊಂದಿಕೆ/೧

ವಿಷಯ: ಹಳೆಯ ಬಿಡಿಭಾಗ ಖರೀದಿಸುವಾಗ ಅದು ವಾಹನಕ್ಕೆ ಕೂರುತ್ತದೆಯೇ ಎಂದು ಪರೀಕ್ಷಿಸುವ ಬಗ್ಗೆ, ಕೂರದಿದ್ದಲ್ಲಿ ಸಿಬ್ಬಂದಿಯ ಕರ್ತವ್ಯದ ಬಗ್ಗೆ.

ಉಲ್ಲೇಖ: ೧) ಖರೀದಿ ಸಮಿತಿಯ ವರದಿ. ೨) ಜವಾನರ ರಜೆ ಅರ್ಜಿ (ತಿರಸ್ಕೃತ). ೩) ಅದೇ ಅರ್ಜಿ, ಮತ್ತೊಮ್ಮೆ (ತಿರಸ್ಕೃತ).

ಕಚೇರಿಯ ಗೇಟಿನ ಕಂಬವು ನಿರ್ದೇಶಕರ ವಾಹನಕ್ಕೆ ಅಡ್ಡ ಬಂದು ಹಿಂಬದಿಯ ಎಡ ಬಾಗಿಲು ನಜ್ಜುಗುಜ್ಜಾಗಿರುತ್ತದೆ. ಬದಲಿ ಬಾಗಿಲನ್ನು ಗುಜರಿಯಿಂದ ತರಲಾಗಿದ್ದು, ಅದು ಮುಚ್ಚಿಕೊಳ್ಳುತ್ತಿಲ್ಲವೆಂಬ ಗುಸುಗುಸು ಕೇಳಿಬಂದ ಕಾರಣ ಈ ಮೂಲಕ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ:

೧. ಬಾಗಿಲಿಲ್ಲದ ವಾಹನ ಆವರಣ ದಾಟುವಂತಿಲ್ಲ. ಆದ್ದರಿಂದ ವಾಹನವನ್ನು ಗುಜರಿಗೆ ಒಯ್ದು ಬಾಗಿಲನ್ನು ಹೊಂದಿಸಿ ನೋಡುವ ಪ್ರಶ್ನೆಯೇ ಉದ್ಭವಿಸುವುದಿಲ್ಲ.

೨. ಬದಲಿಗೆ ಗುಜರಿ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯನ್ನೇ ವಾಹನವೆಂದು ಪರಿಗಣಿಸಿ, ಅದರ ಪಕ್ಕದಲ್ಲಿ ಬಾಗಿಲನ್ನು ಹಿಡಿದು, ಸಮಿತಿಯ ಅಧ್ಯಕ್ಷರು ಹತ್ತಿ ಇಳಿದು ನೋಡಿರುತ್ತಾರೆ. ಯಾವುದೇ ತೊಂದರೆ ಕಂಡುಬಂದಿರುವುದಿಲ್ಲ. ಬಣ್ಣವೂ ಹೊಂದಿಕೆಯಾಗಿರುತ್ತದೆ.

೩. ತಯಾರಾದ ವರ್ಷ, ಕೀಲಿನ ತೂತು, ಗಾಜಿನ ವೈರು ಇತ್ಯಾದಿಗಳನ್ನು ನೋಡುವುದು ಅಂಗಡಿಯವರ ಮೇಲಿನ ಅಪನಂಬಿಕೆಯಾಗುತ್ತದೆ. "ತಗೊಂಡ್ಹೋಗಿ ಸಾರ್, ಸ್ವಲ್ಪ ಒತ್ತಿದ್ರೆ ತಾನೇ ಕೂತ್ಕೊಳ್ಳುತ್ತೆ" ಎಂಬ ಅವರ ಮಾತನ್ನು ತಜ್ಞರ ಅಭಿಪ್ರಾಯವೆಂದು ದಾಖಲಿಸಲಾಗಿದೆ.

೪. "ಅಯ್ಯೋ, ಇದು ಬೇರೆ ಗಾಡೀದು ಸಾರ್!" ಎಂದು ಉದ್ಗರಿಸಿದ ಚಾಲಕರಿಗೆ ನೋಟಿಸು ನೀಡಲಾಗಿದೆ. ಬಾಗಿಲು ಸರಿಯಾಗಿಯೇ ಇದೆ. ವಾಹನವು ಬಾಗಿಲಿಗೆ ಸಹಕರಿಸುತ್ತಿಲ್ಲ.

೫. ವಾಹನ ಸಹಕರಿಸುವವರೆಗೆ, ಈವರೆಗೂ ನಿರ್ದೇಶಕರಿಗೆ ಬಾಗಿಲು ತೆರೆಯುತ್ತಿದ್ದ ಜವಾನರು ಇನ್ನು ಮುಂದೆ ಅದನ್ನು ಮುಚ್ಚಿ ಹಿಡಿಯತಕ್ಕದ್ದು. ಹಿಂದಿನ ಸೀಟಿನ ನಡುವೆ ಕುಳಿತು, ನಿರ್ದೇಶಕರ ಹೊಟ್ಟೆಗೆ ತಾಗದಂತೆ ಎಡಗೈ ಚಾಚತಕ್ಕದ್ದು. ಹೊಟ್ಟೆ ತಾನಾಗಿ ಬಂದು ತಾಗಿದಲ್ಲಿ ಕ್ಷಮೆ ಕೋರತಕ್ಕದ್ದು.

೬. "ಹೆಂಡ್ತಿಗೆ ಇವತ್ತೋ ನಾಳೆಯೋ ಅನ್ನೋ ಹಾಗಿದೆ ಸಾರ್, ಒಂದಿನ ಬೇರೆ ಯಾರಾದ್ರೂ ಹಿಡ್ಕೊಳ್ಳಿ" ಎಂಬ ಜವಾನರ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ ತಿರಸ್ಕರಿಸಲಾಗಿದೆ. ಹೆರಿಗೆಗೆ ವೈದ್ಯರಿದ್ದಾರೆ, ಬಾಗಿಲಿಗೆ ಇವರೊಬ್ಬರೇ.

೭. ಆದಾಗ್ಯೂ ಇಲಾಖೆಗೂ ಕರುಳಿದೆ. ವಾಹನವು ದಿನವೂ ಆಸ್ಪತ್ರೆಯ ಮುಂದೆಯೇ ಹಾದುಹೋಗುವುದರಿಂದ, ಅಲ್ಲಿ ವೇಗ ತಗ್ಗಿಸಲು ಅನುಮತಿಸಿದೆ. ಹೆರಿಗೆಯಾದ ನಂತರ ಜವಾನರ ಅತ್ತೆಯವರು ಮಗುವನ್ನು ಆಸ್ಪತ್ರೆಯ ಗೇಟಿನ ಬಳಿ ಎತ್ತಿ ತೋರಿಸಬಹುದು. ಸದರಿ ಬಾಗಿಲಿನ ಗಾಜು ಇಳಿಯದ ಕಾರಣ ಗಾಜಿನ ಮೂಲಕವೇ ನೋಡಿ ಸಂತೋಷಪಡತಕ್ಕದ್ದು. ಕೈ ಬೀಸುವುದಿದ್ದರೆ ಬಲಗೈ ಮಾತ್ರ.

ವಿಶೇಷ ಸೂಚನೆ: ಈ ಕರಡನ್ನು ನಿರ್ದೇಶಕರು ವಾಹನದಲ್ಲಿ ಓದುತ್ತಿದ್ದಾಗ ಆಸ್ಪತ್ರೆಯ ಗೇಟು ಬಂದಿರುತ್ತದೆ. ಅತ್ತೆಯವರು ಮಗುವನ್ನು ಎತ್ತಿರುತ್ತಾರೆ. "ನನ್ ಕಂದಾ!" ಎನ್ನುತ್ತಾ ಜವಾನರು ಎರಡೂ ಕೈ ಚಾಚಿರುತ್ತಾರೆ. ಬಾಗಿಲು ತೆರೆದುಕೊಂಡಿದ್ದು, ನಿರ್ದೇಶಕರು ನಿಗದಿತ ಸ್ಥಳಕ್ಕಿಂತ ಮುಂಚಿತವಾಗಿ ಇಳಿದಿರುತ್ತಾರೆ. ಜವಾನರು ಅದೇ ಬಾಗಿಲಿನಿಂದ ಇಳಿದು ಗೇಟಿನೊಳಗೆ ಓಡಿರುತ್ತಾರೆ.

ಸಹಿ/-
(ಎಡಗೈ ಹೆಬ್ಬೆಟ್ಟು, ಬಲಗೈ ಬ್ಯಾಂಡೇಜಿನಲ್ಲಿದೆ)
ನಿರ್ದೇಶಕರು
ಶಿಬಿರ: ಮೂಳೆ ವಿಭಾಗ, ಹೆರಿಗೆ ವಾರ್ಡಿನ ಕೆಳ ಮಹಡಿ

ಪ್ರತಿಗಳು:

೧. ಖರೀದಿ ಸಮಿತಿಗೆ: ನಿರ್ದೇಶಕರಿಗೆ ಹಳೆಯ ಊರುಗೋಲು ಖರೀದಿಸಬೇಕಿದೆ. ಅಳತೆಯನ್ನು ಕುರ್ಚಿಯ ಮೇಲೆ ಪರೀಕ್ಷಿಸಬಾರದು.

೨. ಗುಜರಿ ಅಂಗಡಿಯವರಿಗೆ: ಒತ್ತಲಾಗಿದೆ. ಕೂತಿಲ್ಲ.

೩. ಕಚೇರಿಯ ಗೇಟಿನ ಕಂಬಕ್ಕೆ: ಅಂಟಿಸಲು.

೪. ಜವಾನರಿಗೆ, ಹೆರಿಗೆ ವಾರ್ಡು: ಪ್ರತಿ ತಲುಪಿದ್ದಕ್ಕೆ ಸಹಿ ಕೇಳಲಾಗಿ, ಎರಡೂ ಕೈಯಲ್ಲಿ ಮಗಳಿದ್ದಾಳೆ, ಆಮೇಲೆ ಬನ್ನಿ ಎಂದಿರುತ್ತಾರೆ.