ನಮ್ಮತ್ತೆಯ ಟ್ಯಾಪೆಟ್ ಭಾನುವಾರ

ಭಾನುವಾರ ನಮ್ಮ ಸೋದರತ್ತೆಯ ಮನೆಗೆ ಹೋದರೆ ಮೊದಲು ಕಾಫಿ ಸಿಗುವುದಿಲ್ಲ, ಸ್ಪ್ಯಾನರ್ ಸಿಗುತ್ತದೆ! ಬೆಸಗರಹಳ್ಳಿಯ ಬೇರೆ ಹೆಂಗಸರು ಮುದ್ದೆಗೆ ಎಸರಿಡುವ ಹೊತ್ತಿಗೆ ಇವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಳೇ ಕಾರಿನ ಬಾನೆಟ್ಟಿನೊಳಗೆ ಅರ್ಧ ಮುಳುಗಿರುತ್ತಾರೆ. ಮಂಡ್ಯದ ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಅಲ್ಲಿ ಸಿಕ್ಕಿರುವ ಹುದ್ದೆ ಯಾವುದು ಗೊತ್ತೇ? ಕಾರು ತಳ್ಳುವುದು! ಗೇರಿಗೆ ಹಾಕಿದ ಕಾರನ್ನು ಚೂರುಚೂರೇ ತಳ್ಳಿದರೆ ಎಂಜಿನ್ ತಿರುಗಿ, ಬೇಕಾದ ವಾಲ್ವ್ ಮುಚ್ಚಿಕೊಳ್ಳುತ್ತದಂತೆ.

"ಒಂದ್ ಬೆರಳಷ್ಟು ತಳ್ಳು ಅಂದ್ರೆ ಗೇಣುದ್ದ ತಳ್ತೀಯಲ್ಲೋ! ಮಕ್ಕಳಿಗೆ ಅದೇನ್ ಲೆಕ್ಕ ಏಳ್ಕೊಡ್ತೀಯ?"

ನಾನು ಹೇಳಿಕೊಡುವುದು ಇತಿಹಾಸ. ಅದನ್ನು ಹೇಳಿದರೆ ಇನ್ನೂ ಬೈಸಿಕೊಳ್ಳಬೇಕಾದೀತೆಂದು ಮತ್ತೆ ಕಾರಿಗೆ ಹೆಗಲು ಕೊಡುತ್ತೇನೆ.

ಮಳವಳ್ಳಿಯಲ್ಲಿ ನನ್ನ ತಮ್ಮನ ಮದುವೆ. ಅತ್ತೆ ರೇಷ್ಮೆ ಸೀರೆಯುಟ್ಟು, ತಾವೇ ಕಾರು ಓಡಿಸಿಕೊಂಡು ಬಂದು, ಛತ್ರದ ಮುಂದೆ ಬಾನೆಟ್ ಎತ್ತಿಯೇಬಿಟ್ಟರು. ಹೆಣ್ಣಿನ ಕಡೆಯ ಹಿರಿಯರೊಬ್ಬರು, "ಡ್ರೈವರ್ ಎಲ್ಲಮ್ಮ?" ಎಂದು ಕೇಳಿದರು.

"ನಾನೇ ಡ್ರೈವರ್ರು, ನಾನೇ ಮೆಕ್ಯಾನಿಕ್ಕು. ಗಂಡಿನ್ ಸೋದ್ರತ್ತೆನೂ ನಾನೇಯ!"

ಆ ಹಿರಿಯರು ಊಟದ ಪಂಕ್ತಿ ಮುಗಿಯುವ ತನಕ ನಮ್ಮ ಕಣ್ಣಿಗೆ ಬೀಳಲಿಲ್ಲ.

ಈ ಹುಚ್ಚು ಹತ್ತಿಸಿದವರು ಮಾವ. ಕಾರು ಅವರದು. ಅದರ ಎಂಟೂ ವಾಲ್ವಿನ ಸಂದನ್ನು, ಅಂದರೆ ಟ್ಯಾಪೆಟ್ಟನ್ನು, ಒಂದು ಕಾಲಕ್ಕೆ ಅವರೇ ಹೊಂದಿಸುತ್ತಿದ್ದರು. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತಿಂದುಹಾಕಿತು. ಆಮೇಲೆ ಮನುಷ್ಯ ಮಾತೇ ಬಿಟ್ಟರು. ನಾಲ್ಕು ತಿಂಗಳು! ಊಟಕ್ಕೆ ಕರೆದರೆ ಹ್ಞೂಂ ಇಲ್ಲ, ಉಹ್ಞೂಂ ಇಲ್ಲ. ಹೀಗೇ ಆದರೆ ಇವರು ಉಳಿಯುವುದಿಲ್ಲವೆಂದು ಅತ್ತೆ ನನ್ನ ಮುಂದೆ ಅತ್ತಿದ್ದರು. ಒಂದು ಭಾನುವಾರ ಅತ್ತೆ ಕಾರು ಸ್ಟಾರ್ಟ್ ಮಾಡಿದಾಗ ಜಗಲಿಯಿಂದ ದನಿ ಬಂತು:

"ಲೇ, ಟ್ಯಾಪೆಟ್ ಸಡ್ಲ ಆಗ್ಬುಟ್ಟದೆ ಕಣೆ. ಟಕಟಕ ಅಂತದೆ, ಕೇಳಾಕಿಲ್ವಾ ನಿಂಗೆ?"

ಅತ್ತೆ ಸ್ಪ್ಯಾನರ್ ಹಿಡಿದದ್ದು ಅವತ್ತೇ.

ಅಂದಿನಿಂದ ಭಾನುವಾರವೆಂದರೆ ಅವರಿಗೆ ಹಬ್ಬ. ಮಾವ ಓಡುವ ಎಂಜಿನ್ನಿನ ಮೇಲೆ ಉದ್ದನೆಯ ಸ್ಕ್ರೂಡ್ರೈವರ್ ಇಟ್ಟು, ಹಿಡಿಕೆಗೆ ಕಿವಿಗೊಟ್ಟು, ಸಡಿಲಾದದ್ದು ಯಾವುದೆಂದು ಹೇಳುತ್ತಾರೆ. ಎಂಜಿನ್ ತಣ್ಣಗಾದ ಮೇಲೆ ಅತ್ತೆ ಮುಚ್ಚಳ ಬಿಚ್ಚಿ, ಸಂದಿಗೆ ತೆಳ್ಳನೆಯ ಗೇಜ್ ಪಟ್ಟಿ ತೂರಿಸಿ, ಸ್ಕ್ರೂ ತಿರುಗಿಸುತ್ತಾರೆ. ಪಟ್ಟಿ ಎಳೆದು ನೋಡುವ ಅಧಿಕಾರ ಮಾತ್ರ ಮಾವನದು.

"ಬಿಗಿ ಆಯ್ತು. ಒಸಿ ಬುಡು. ಇನ್ನೊಸಿ... ಅಯ್ಯೋ, ಕೆಡುಸ್ದೆ!"

"ನಿಮ್ ಕೈಯೇ ಬಿಗಿ, ನನ್ನ ಯಾಕಂತೀರಿ?"

ಮಧ್ಯಾಹ್ನದ ತನಕ ಇದೇ ಜಗಳ. ಆ ದಿನ ಮಾವ ಎರಡು ಮುದ್ದೆ ಉಣ್ಣುತ್ತಾರೆ.

ಮದ್ದೂರಿನ ಗ್ಯಾರೇಜಿನ ಭಾಯ್ ಹತ್ತಿರ ಇದನ್ನು ಹೆಮ್ಮೆಯಿಂದ ಕೊಚ್ಚಿಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನ್ ಸಾರ್, ಸೆಟ್ ಮಾಡಿದ್ ಟ್ಯಾಪೆಟ್ಟು ವಾರವಾರ ಸಡ್ಲ ಆಗಕ್ಕೆ ಅದೇನ್ ಪೈಜಾಮದ ಲಾಡಿನಾ?"

ಅತ್ತೆಯನ್ನೇ ಕೇಳಿದೆ. ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಸನಿವಾರ ಮಧ್ಯಾಹ್ನ ಅವ್ರು ಮಲಗಿದ್ದಾಗ ನಾನೇ ಒಂದ್ನ ಸಡ್ಲ ಮಾಡ್ತೀನಿ ಕಣ್ಲಾ. ಇಲ್ದಿದ್ರೆ ಅವ್ರು ಇನ್ನೇನ್ ಮಾತಾಡಾರು? ಬಾಯ್ ಬುಟ್ಟೀಯ, ಉಸಾರು!"

ಎಂಥ ಕಳ್ಳಿ ನಮ್ಮತ್ತೆ! ಇಂಥ ಕಳ್ಳತನಕ್ಕೆ ಕೈಮುಗಿಯದೆ ಇರಲಾದೀತೇ?

ಹೋದ ವಾರ ಅತ್ತೆಗೆ ಜ್ವರ. ಶನಿವಾರವೆಲ್ಲ ಹಾಸಿಗೆ ಬಿಟ್ಟೇಳಲಿಲ್ಲ. ಭಾನುವಾರ ನಾನು ಹೋಗುವಷ್ಟರಲ್ಲಿ ಮಾವ ಆಗಲೇ ಕಾರಿನ ಪಕ್ಕ ನಿಂತಿದ್ದರು. "ಸಡ್ಲ ಮಾಡಾಕೇ ಆಗ್ನಿಲ್ಲ ಕಣ್ಲಾ," ಎಂದು ಅತ್ತೆ ನನ್ನ ಕಿವಿಯಲ್ಲಿ ಉಸುರಿದರು. ಕಾರು ಸ್ಟಾರ್ಟ್ ಮಾಡಿದೆ. ಎಂಜಿನ್ ಒಂದು ಸಲವೂ ಟಕ್ ಎನ್ನದೆ ಓಡಿತು. ಮಾವ ಸ್ಕ್ರೂಡ್ರೈವರನ್ನು ಒಂದೊಂದೇ ಕಡೆ ಇಟ್ಟು ಕೇಳಿದರು. ಮತ್ತೆ ಮೊದಲಿಂದ ಕೇಳಿದರು. ಒಂದು ಮಾತೂ ಇಲ್ಲ. ಆ ನಾಲ್ಕು ತಿಂಗಳು ನನಗೆ ನೆನಪಾಯಿತು.

"ಮೂರ್ನೇದು," ಎಂದರು ಮಾವ ಕೊನೆಗೆ. "ಮೂರ್ನೇದು ಸಡ್ಲ ಆಗ್ಬುಟ್ಟದೆ ಕಣೆ. ಜ್ವರ ಪೂರ್ತಿ ಬುಡ್ಲಿ, ಆಮ್ಯಾಕೆ ಬಿಚ್ಚೀಯಂತೆ. ನಾನೆಲ್ಲೂ ಓಗಾಕಿಲ್ಲ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮಾವನ ಪಕ್ಕಕ್ಕೆ ಹೋಗಿ ನಿಂತರು.

"ಊಂ ಕಣ್ರೀ," ಎಂದರು. "ನಂಗೂ ಕೇಳುಸ್ತು."