ಆರೋಗ್ಯ ಮಾತೆಯನ್ನು ಕ್ಲಿನಿಕ್ ಮಾಡಿದ ನಕ್ಷೆಗೆ

ಮಾನ್ಯ ‘ಸರಿದಾರಿ’ ಮೊಬೈಲ್ ನಕ್ಷೆಯವರೇ,

ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ, ಎದುರಿಗೆ ಚರಂಡಿ ಕಂಡರೂ ತಮ್ಮ ಮಾತು ಮೀರದ ವೈಟ್‌ಫೀಲ್ಡಿನ ಸಮಸ್ತ ನಿವಾಸಿಗಳ ಪರವಾಗಿ ತಮಗೆ ನಮಸ್ಕಾರಗಳು. ತಮ್ಮ ಸನ್ನಿಧಾನಕ್ಕೆ ದೂರು ಬರೆಯಲು ನನಗೇನು ಹಕ್ಕಿದೆ ಎಂದು ಬಹಳ ಯೋಚಿಸಿದೆ. ನಾನು ಕ್ರೈಸ್ತಳಲ್ಲ, ಈ ಊರಿನವಳೂ ಅಲ್ಲ. ದಾವಣಗೆರೆಯಿಂದ ಬಂದು ಒಂಬತ್ತನೇ ಮಹಡಿಯಲ್ಲಿ ನೆಲೆಸಿದವಳು. ಆದರೂ ನನ್ನ ಕಿಟಕಿಯ ಕೆಳಗಿರುವ ಆರೋಗ್ಯ ಮಾತೆಯ ಪುಟ್ಟ ಕಥೋಲಿಕ ಪ್ರಾರ್ಥನಾಲಯದ ವಿಷಯದಲ್ಲಿ ಸುಮ್ಮನಿರಲು ಆಗಲಿಲ್ಲ.

ತಾವು ಅದನ್ನು ‘ತಾಯಿ ಆರೋಗ್ಯ ಕೇಂದ್ರ’ ಎಂದು ಗುರುತಿಸಿದಂದಿನಿಂದ ಅಲ್ಲಿಗೆ ಭಕ್ತರಿಗಿಂತ ಬಸುರಿಯರು ಹೆಚ್ಚಾಗಿ ಬರತೊಡಗಿದರು. ಹೆಂಡತಿಯ ಸ್ಕ್ಯಾನಿಂಗ್ ವರದಿ ಹಿಡಿದು ಬಂದ ಒಬ್ಬ ಯುವಕನಿಗೆ, ಪಕ್ಕದ ಬಾಡಿಗೆ ಕಟ್ಟಡದ ಒಡತಿಯೂ ಆ ಮಾತೆಗೆ ತಲೆಮಾರುಗಳಿಂದ ಹಾಲು ಒಪ್ಪಿಸುತ್ತ ಬಂದ ಒಕ್ಕಲಿಗರ ಮನೆಯವರೂ ಆದ ಅಶ್ವತ್ಥಮ್ಮನವರು, “ಡಾಕ್ಟ್ರು ಇಲ್ಲ ಕಣಪ್ಪ, ಅಮ್ಮ ಅವ್ಳೆ. ಬಂದಿದ್ದೀಯ, ಕೈಮುಗ್ದು ಓಗು, ಫೀಸು ಕೇಳಾಕಿಲ್ಲ” ಎಂದರು. ಆತ ಕೈಮುಗಿದು ಹೋಗಿ, ಕಾಯುವ ಕೊಠಡಿ ಚೆನ್ನಾಗಿದೆ, ಸಿಬ್ಬಂದಿ ಮಾತ್ರ ಇಲ್ಲವೆಂದು ತಮ್ಮ ನಕ್ಷೆಯಲ್ಲಿ ಬರೆದು ಒಂದು ನಕ್ಷತ್ರ ಕೊಟ್ಟ.

ಆತ ಮೆಚ್ಚಿದ ಆ ಕಾಯುವ ಕೊಠಡಿಯೇ ಮುಖಮಂಟಪ. ಇಡೀ ಪ್ರಾರ್ಥನಾಲಯವನ್ನು ನೂರು ವರ್ಷಕ್ಕೂ ಹಿಂದೆ, ಪ್ಲೇಗಿನ ವರ್ಷಗಳಲ್ಲಿ ಪಟ್ಟಣ ಬಿಟ್ಟು ಇಲ್ಲಿನ ತೋಪಿಗೆ ಬಂದ ಕೆಲವು ಕುಟುಂಬಗಳು, ಬದುಕಿ ಉಳಿದರೆ ಕಟ್ಟಿಸುತ್ತೇವೆಂದು ಹರಕೆ ಹೊತ್ತು ಕಟ್ಟಿಸಿದ್ದಂತೆ. ಕೆಲಸಕ್ಕೆ ಸಿಕ್ಕ ಕಲ್ಲುಕುಟಿಗ ಅದುವರೆಗೆ ಗುಡಿಗಳನ್ನಷ್ಟೇ ಕಟ್ಟಿದ್ದವನು. ಹಾಗಾಗಿ ಗಾರೆಯ ದಪ್ಪ ಗೋಡೆ, ಹೆಂಚಿನ ಮಾಡು, ತುದಿಯಲ್ಲಿ ತಾವರೆ ಮೊಗ್ಗಾಗಿ ಮುಗಿಯುವ ಬಾಗಿಲ ಕಮಾನು. ಮಂಟಪದ ಶಿಲುಬೆಯ ಎರಡೂ ಪಕ್ಕಗಳಲ್ಲಿ ರೆಕ್ಕೆಯಿರುವವರನ್ನು ಕೆತ್ತು ಎಂದು ಪಾದ್ರಿಗಳು ಹೇಳಿದ್ದಕ್ಕೆ, ದೇವದೂತರನ್ನು ಎಂದೂ ಕಂಡಿರದ ಆತ ಎರಡು ನವಿಲುಗಳನ್ನು ಕೆತ್ತಿಟ್ಟ. ಇದು ಯಾವ ಶೈಲಿ ಎಂದು ನನ್ನ ಇಂಗ್ಲಿಷ್ ಶಾಲೆಯಲ್ಲಿ ಕಲಿಸಿರಲಿಲ್ಲ. ರೋಗದ ಭಯದಿಂದಲೇ ಹುಟ್ಟಿದ ಕಟ್ಟಡವಾದ್ದರಿಂದ, ತಾವು ಪೂರ್ತಿ ತಪ್ಪಲ್ಲವೇನೋ ಎಂದೂ ನನಗೆ ಅನ್ನಿಸಿದ್ದುಂಟು.

ಹೆಸರು ತಿದ್ದಿ ಎಂದು ನಾನೇ ತಮ್ಮನ್ನು ಕೇಳಿಕೊಂಡೆ, ಬಹುಶಃ ಕೇಳಬಾರದಿತ್ತು. ವೈದ್ಯರಿಲ್ಲದ ಕೇಂದ್ರವೆಂಬುದನ್ನು ಮನಗಂಡ ತಾವು ತಕ್ಷಣ ‘ಶಾಶ್ವತವಾಗಿ ಮುಚ್ಚಿದೆ’ ಎಂದು ಘೋಷಿಸಿದಿರಿ. ರಸ್ತೆ ಅಗಲಿಸುವವರು ಅದನ್ನು ಓದಿ, ಮುಖಮಂಟಪವನ್ನು ಪಾಳುಬಿದ್ದ ಕ್ಲಿನಿಕ್ಕಿನ ಪೋರ್ಟಿಕೊ ಎಂದು ಬರೆದುಕೊಂಡು, ಒಂದು ನವಿಲಿನ ಕೊರಳಿಗೆ ಕೆಂಪು ಬಣ್ಣದ ಅಡ್ಡಗೆರೆ ಎಳೆದು, ಸೋಮವಾರ ಕೆಡವುವುದಾಗಿ ತಿಳಿಸಿ ಹೋದರು. ಇದೆಲ್ಲ ನಡೆದದ್ದು ಇಂದು, ಭಾನುವಾರ ಬೆಳಿಗ್ಗೆ. ಒಳಗೆ ಬಲಿಪೂಜೆ ಎನ್ನುವ ವಾರದ ಆರಾಧನೆಯ ಗಂಟೆ ಬಾರಿಸುತ್ತಿರುವಾಗಲೇ ಅಳತೆಗೆ ಬಂದಿದ್ದ ಪ್ರಸನ್ನ ಎಂಬ ಸರ್ವೇಯರ್ ನನ್ನ ಮುಂದೆ ಫೋನ್ ಹಿಡಿದು, “ಮುಚ್ಚಿದೆ ಅಂತ ಇಲ್ಲೇ ತೋರಿಸ್ತಿದೆಯಲ್ಲ ಮೇಡಂ” ಎಂದು ಬಹಳ ವಿನಯದಿಂದ ಹೇಳಿದರು. ಕಿವಿಗಿಂತ ಪರದೆಯನ್ನು ನಂಬುವಂತೆ ಒಬ್ಬ ಮನುಷ್ಯನನ್ನು ತಯಾರು ಮಾಡಿದ ತಮ್ಮ ಸಾಧನೆಗೆ ನನ್ನ ಹೃತ್ಪೂರ್ವಕ ಅಭಿನಂದನೆಗಳು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ: ಆರೋಗ್ಯ ಮಾತೆಯವರಿಗೆ ಈ ಸಾಲಿನಲ್ಲೇ ಎಂಬಿಬಿಎಸ್ ಸೀಟು ಕೊಡಿಸಿ, ಕೇಂದ್ರವನ್ನು ಮತ್ತೆ ತೆರೆಯಿರಿ. ಅದು ಆಗದಿದ್ದರೆ, ಪ್ಲೇಗಿನಲ್ಲಿ ಬದುಕಿ ಉಳಿದವರಿಂದ ಐದೈದು ನಕ್ಷತ್ರ ಬರೆಸಿಕೊಳ್ಳಿ. ಅದೂ ಆಗದಿದ್ದರೆ, ‘ತೆರೆದಿದೆ’ ಎಂಬ ಒಂದೇ ಒಂದು ಪದವನ್ನು ಸೋಮವಾರದ ಮೊದಲು ಹಾಕಿಬಿಡಿ. ಮಂಟಪ ಉಳಿಯಲು ಅಷ್ಟು ಸಾಕು. ಇಲ್ಲಿ ಯಾರೂ ಅದಕ್ಕಿಂತ ಹೆಚ್ಚು ಓದುವುದಿಲ್ಲ.

ತಮ್ಮ ಪರದೆಯ ಮೇಲೆ ಸದಾ ‘ಮಾರ್ಗ ತಪ್ಪಿದ್ದೀರಿ’ ಎನ್ನಿಸಿಕೊಳ್ಳುವ,
ತಮ್ಮ ವಿಶ್ವಾಸಿ,
ವನಜಾ

ಪತ್ರ ಕಳಿಸಿದ ಮೇಲಿನ ಮಾತು: ಇಂದು ಸೋಮವಾರ. ತಮ್ಮ ಉತ್ತರ ಬರಲಿಲ್ಲ. ಮಂಟಪ ಕೆಡವಲು ಹೊರಟ ಜೆಸಿಬಿ ಮಾತ್ರ ತಾವು ತೋರಿಸಿದ ಹತ್ತಿರದ ರಸ್ತೆ ಹಿಡಿದು, ಆ ರಸ್ತೆ ಕೆರೆಯೆಂದು ತಿಳಿಯುವಷ್ಟರಲ್ಲಿ ಹೂಳಿನಲ್ಲಿ ಹೂತುಕೊಂಡಿದೆ. ಎತ್ತಲು ಕ್ರೇನ್ ಬರುತ್ತಿದ್ದು, ಅದರ ಚಾಲಕರೂ ತಮ್ಮನ್ನೇ ದಾರಿ ಕೇಳುತ್ತಿದ್ದಾರಂತೆ. ದಯವಿಟ್ಟು ಆ ಒಂದು ರಸ್ತೆಯನ್ನು ಮಾತ್ರ ತಿದ್ದಬೇಡಿ.